ಹರಿಹರದಲ್ಲಿ ಡಿಸ್ಕ್ ಬದಲಿಸಿದ್ದು

ಲ್ಯಾಪ್‌ಟಾಪಿನಲ್ಲಿ ಜಾಗ ತುಂಬುತ್ತ ಬಂದರೆ ಒಂದು ನೀಲಿ ಪಟ್ಟಿ ಕೆಂಪಗಾಗುವುದನ್ನು ನೀವು ಗಮನಿಸಿರಬಹುದು. ನಾನು ಗಮನಿಸುವಷ್ಟರಲ್ಲಿ ಯಂತ್ರವು ಒಂದು ಕಡತ ತೆರೆಯಲು, ನಾನು ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಕಾಲಾವಕಾಶ ಕೇಳತೊಡಗಿತ್ತು. ವಿದ್ಯಾನಗರದ ಕಾಲೇಜೊಂದರಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಹೇಳುತ್ತಲೇ ಅರ್ಧ ಪ್ರಾಣ ಕಳೆದುಕೊಂಡ ನನಗೆ, ಈ ಯಂತ್ರದ ಪ್ರಾಣ ಎಲ್ಲಿರುತ್ತದೆಂಬುದೇ ತಿಳಿಯದು. ಹರಿಹರದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನಾಗರಾಜಪ್ಪನವರು ಧೈರ್ಯ ಹೇಳಿದರು: ದೊಡ್ಡ ಡಿಸ್ಕ್ ಹಾಕಿ, ಆಪರೇಟಿಂಗ್ ಸಿಸ್ಟಮ್ ಸಮೇತ ಎಲ್ಲವನ್ನೂ ಇದ್ದಂತೆಯೇ ಅದಕ್ಕೆ ಸಾಗಿಸಿಬಿಡಬಹುದಂತೆ.

ಕೊಡುವ ಹಿಂದಿನ ದಿನ ನನಗೊಂದು ಸಂಕೋಚ ಹುಟ್ಟಿತು. ಬೀಗರು ಬರುತ್ತಾರೆಂದರೆ ನಾವು ಪಡಸಾಲೆಯಲ್ಲಿ ಹರಡಿದ್ದನ್ನೆಲ್ಲ ಬಾಚಿ ಒಳಕೋಣೆಯ ಮಂಚದಡಿ ತಳ್ಳುತ್ತೇವಲ್ಲ, ಹಾಗೆ ಪರದೆಯ ಮೇಲೆ ಚೆಲ್ಲಾಡಿದ್ದ ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಸಾಗಹಾಕಿ, ಸ್ವಚ್ಛ ಪರದೆಯೊಡನೆ ಸಂಭಾವಿತನಂತೆ ಹರಿಹರದ ಬಸ್ಸು ಹತ್ತಿದೆ. ಹೊಸ ಡಿಸ್ಕಿನೊಂದಿಗೆ ಲ್ಯಾಪ್‌ಟಾಪು ಓಡತೊಡಗಿತು. ಆದರೆ ನಿಟ್ಟುವಳ್ಳಿಯ ಶಾಲೆಯಲ್ಲಿ ಟೀಚರಾಗಿರುವ ನನ್ನ ಹೆಂಡತಿ ಮಕ್ಕಳಿಗಾಗಿ ಆರು ವರ್ಷದಿಂದ ಅದೇ ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟಿದ್ದ ನಾಟಕಗಳು ಅದರಲ್ಲಿರಲಿಲ್ಲ.

ಬೆಚ್ಚಿಬಿದ್ದು ಇಬ್ಬರೂ ಹರಿಹರಕ್ಕೆ ಹೋದೆವು. ನಾಗರಾಜಪ್ಪ ಹಳೆಯ ಡಿಸ್ಕನ್ನು ಜೋಡಿಸಿ ಬಹಳ ಹೊತ್ತು ನೋಡಿದರು. ಅದರಲ್ಲೂ ಇಲ್ಲವೆಂದು ಹೇಳಿ, ಮನೆಯಲ್ಲಿ ಪೆನ್‌ಡ್ರೈವೇನಾದರೂ ಇದೆಯೇನು, ಒಮ್ಮೆ ಹುಡುಕಿ ನೋಡಿ ಎಂದು ಮೆಲ್ಲಗೆ ಅಂದರು. ನಾನೇ ಸಾಗಹಾಕಿದ್ದು ನೆನಪಿನಿಂದ ಪೂರಾ ಅಳಿಸಿಹೋಗಿದ್ದ ನಾನು, ಇದು ಜಾರಿಕೊಳ್ಳುವ ಮಾತೆಂದು ಸಿಡಿದೆ. ಗಿರಾಕಿಗಳ ಎದುರಿಗೇ ಕೆಲಸ ಬಾರದವನೆಂದೆ. ಮರುದಿನ ಸ್ಟಾಫ್‌ರೂಮಿನಲ್ಲಿ ಅದನ್ನೇ ಉಪಮೆ ರೂಪಕಗಳಿಂದ ಸಿಂಗರಿಸಿ ಬಣ್ಣಿಸಿದಾಗ, ಅವರಲ್ಲಿಗೆ ಲ್ಯಾಪ್‌ಟಾಪ್ ಒಯ್ಯಬೇಕೆಂದಿದ್ದ ನಾಲ್ವರು ಬೇರೆ ಅಂಗಡಿ ನೋಡಿಕೊಂಡರು.

ವಾರದ ಮೇಲೆ ಹಳೆಯ ಕನ್ನಡಕದ ಡಬ್ಬಿ ತೆರೆದರೆ ಒಳಗೆ ಪೆನ್‌ಡ್ರೈವ್ ಮಲಗಿತ್ತು. ನಾಟಕಗಳೆಲ್ಲ ಅದರಲ್ಲಿ ಕ್ಷೇಮವಾಗಿದ್ದವು. ನಾಗರಾಜಪ್ಪನವರಿಗೆ ಹೇಳಬೇಕಾದ್ದನ್ನು ಫೋನಿನಲ್ಲೇ ಮುಗಿಸಿಬಿಡೋಣವೆಂದು ಕೈ ಚಾಚಿದಾಗ ಹೆಂಡತಿ, "ಫೋನ್ ಬ್ಯಾಡ, ಹೋಗಿ ಬರ್ರಿ" ಎಂದಳು.

ಹೋದೆ. ತಪ್ಪು ನನ್ನದೇ ಎಂದು ಹೇಳಿಕೊಂಡೆ. ನಾಗರಾಜಪ್ಪನವರಿಗೆ ಆಶ್ಚರ್ಯವೇ ಆಗಲಿಲ್ಲ. "ಅವತ್ತೇ ಗೊತ್ತಾತು ಸರ್. ನೀವು ಪೆನ್‌ಡ್ರೈವಿಗೆ ಹಾಕಿದ್ದರ ಗುರ್ತು ಹಳೇ ಡಿಸ್ಕಿನಾಗೆ ಕಾಣ್ತಿತ್ತು. ಮೇಡಂ ಎದುರಿಗೆ ನಿಮ್ಮ ಮರ್ಯಾದಿ ಯಾಕ ತೆಗೀಬೇಕು ಅಂತ ಸುಮ್ನಾದೆ" ಎಂದರು. ನಾನು ಅಷ್ಟು ಜನರೆದುರು ಕಳೆದದ್ದು ಅವರ ಮರ್ಯಾದೆಯನ್ನು, ಅವರು ಕಾದದ್ದು ನನ್ನದನ್ನು. ಕ್ಷಮೆ ಕೇಳಿದರೆ ಅವರೆಂದದ್ದು ಇಷ್ಟೇ: "ನನ್ ಮುಂದೆ ಹೇಳಿದ್ರೆ ಏನು ಬಂತು ಸರ್? ಎಲ್ಲಿ ಹೇಳಿದ್ರೋ ಅಲ್ಲಿ ಹೇಳ್ರಿ."

ಮರುದಿನ ಸ್ಟಾಫ್‌ರೂಮಿನಲ್ಲಿ ಎದ್ದು ನಿಂತು ಕನ್ನಡಕದ ಡಬ್ಬಿಯ ತನಕ ಏನನ್ನೂ ಮುಚ್ಚಿಡದೆ ಹೇಳಿದೆ. ನನ್ನನ್ನು ನಾನೇ ಹಾಸ್ಯ ಮಾಡಿಕೊಂಡು ಇಷ್ಟು ವರ್ಷ ಇವರನ್ನು ನಗಿಸುತ್ತ ಬಂದವನು ನಾನು. ಅಂದೂ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಸಂಗವನ್ನು ಚೆನ್ನಾಗಿ ಕಟ್ಟಿದ್ದೀರಿ ಎಂದು ಒಬ್ಬರು ಬೆನ್ನು ತಟ್ಟಿದರು. ನಾಗರಾಜಪ್ಪನವರ ಅಂಗಡಿಗೆ ಹೋಗುವ ಮಾತನ್ನು ಮಾತ್ರ ಆ ನಾಲ್ವರೂ ಸೇರಿ ಯಾರೂ ಎತ್ತಲಿಲ್ಲ.