ಪರೀಕ್ಷೆಗೆ ಕೂತ ಕೈಗಳು

ಕಳೆದ ವಾರ ನಾನು ಪ್ರಶ್ನೆಪತ್ರಿಕೆಯಾಗಿದ್ದೆ.

ತಮಾಷೆಗೆ ಹೇಳುತ್ತಿಲ್ಲ. ನಮ್ಮ ರಾಮನಗರದ ಹೊರಗೆ ಒಂದು ಫಿಸಿಯೋಥೆರಪಿ ಕಾಲೇಜಿದೆ. ಅಲ್ಲಿ ಕೊನೆಯ ವರ್ಷದ ಮಕ್ಕಳಿಗೆ ಪ್ರಾಕ್ಟಿಕಲ್ ಪರೀಕ್ಷೆ. ಪರೀಕ್ಷೆಗೆ ರೋಗಿಗಳು ಬೇಕು. (ಅವತ್ತಿನ ಮಟ್ಟಿಗೆ ಅವರನ್ನು ರೋಗಿ ಅನ್ನುವುದಿಲ್ಲ, ಕೇಸ್ ಅನ್ನುತ್ತಾರೆ.) ನನ್ನ ಎಡ ಭುಜ ಹಿಡಿದುಕೊಂಡು ವರ್ಷವಾಗುತ್ತಾ ಬಂತು. ಅದನ್ನು ಸಡಿಲ ಮಾಡುತ್ತಿರುವವರು ಅಲ್ಲಿನ ಲೆಕ್ಚರರ್ ಸುಮಾ. ಒಂದು ದಿನ ಕೇಸ್ ಆಗ್ತೀರಾ ಮೇಡಂ ಎಂದು ಆಕೆ ಕೇಳಿದಾಗ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಈಗ ನನ್ನ ಜಡೆಯನ್ನು ನಾನೇ ಹೆಣೆದುಕೊಳ್ಳುತ್ತಿದ್ದರೆ ಅದು ಆ ಹುಡುಗಿಯ ತಾಳ್ಮೆಯಿಂದ.

ಇದ್ದದ್ದು ಒಂದೇ ನಿಯಮ. ಕಾಯಿಲೆಯ ಹೆಸರು ಹೇಳಬಾರದು. ಮಕ್ಕಳೇ ಕಂಡುಹಿಡಿಯಬೇಕು.

ನನ್ನ ಪಕ್ಕದ ಮಂಚದಲ್ಲಿ ಪುಟ್ಟತಾಯಮ್ಮ ಕೂತಿದ್ದರು. ಕಬ್ಬಾಳಿನವರು. ದೇವಸ್ಥಾನದ ಬಳಿ ಹೂವಿನ ಅಂಗಡಿ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಕಾಲು ಸುಧಾರಿಸಿದೆ, ಮಾತೂ ಸರಿಯಾಗಿದೆ. ಬೆರಳುಗಳು ಮಾತ್ರ ಮಡಿಸಿಕೊಂಡು ಮಡಿಲಲ್ಲೇ ಇರುತ್ತವೆ. ಬೆಳಗಿನ ಬಸ್ಸಿಗೆ ಮಗಳು ಕನಕಪುರದ ಮೇಲೆ ಕರೆದುಕೊಂಡು ಬಂದು, ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಇಷ್ಟು ದೂರ ಬಂದಿದ್ದೀರಲ್ಲ ಎಂದೆ. ಮುಖ ಅರಳಿತು.

"ಬೆಂಗ್ಳೂರಿಂದ ದೊಡ್ ಡಾಕ್ಟ್ರು ಬತ್ತಾರಂತೆ ಕಣವ್ವ. ನನ್ ಕೈಯ ನೋಡ್ತಾರಂತೆ."

ಬರುತ್ತಿದ್ದದ್ದು ಎಕ್ಸಾಮಿನರ್. ನೋಡುವುದು ಮಕ್ಕಳನ್ನು. ಯಾರೋ ಹೇಳಿದ್ದನ್ನು ಈಕೆ ಹೀಗೆ ಅರ್ಥ ಮಾಡಿಕೊಂಡಿದ್ದಾರೆ. ತಿದ್ದಬೇಕಿತ್ತಾ? ತಿದ್ದುವ ಮೊದಲೇ ಪರೀಕ್ಷೆ ಶುರುವಾಯಿತು.

ಆಮೇಲೆ ನಡೆದದ್ದು ಒಂದೇ ದೃಶ್ಯ, ಮತ್ತೆ ಮತ್ತೆ. ಬಿಳಿ ಕೋಟಿನ ಒಂದು ಮಗು ಬರುತ್ತದೆ. ಬೆವರುತ್ತಿರುತ್ತದೆ. ಹೆಸರು, ಊರು, ಯಾವಾಗಿಂದ ನೋವು? ಕೈ ಎತ್ತಿ. ಇನ್ನೂ ಎತ್ತಿ. ನೋವಾಗ್ತಿದೆಯಾ? (ಇಲ್ಲಪ್ಪ, ಹಾಯಾಗಿದೆ!) ಪ್ಲಾಸ್ಟಿಕ್ ಅಳತೆಪಟ್ಟಿ ಇಟ್ಟು ಕೋನ ಅಳೆಯುತ್ತದೆ. ಎಕ್ಸಾಮಿನರ್ ಮುಂದೆ ಇಂಗ್ಲಿಷಿನಲ್ಲಿ ಒಪ್ಪಿಸುತ್ತದೆ. ಮುಂದಿನ ಮಗು.

ಅವರಲ್ಲೊಬ್ಬ ಹುಡುಗ ಭುಜ ಅಳೆಯುತ್ತಲೇ ತನ್ನ ಪ್ರಾಜೆಕ್ಟಿನ ಬಗ್ಗೆ ಹೇಳಿದ. ರೇಷ್ಮೆ ಬಿಚ್ಚುವವರ ಸೊಂಟನೋವಿನ ಮೇಲೆ ಅಧ್ಯಯನವಂತೆ. ಊರಿನ ರೀಲಿಂಗ್ ಘಟಕಗಳಿಗೆಲ್ಲ ಹೋಗಿ ಅಳೆದು ಬಂದನಂತೆ. ಕೊನೆಗೆ ಅವರಿಗೆ ಏನು ಹೇಳಿದೆಯಪ್ಪ ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸಬ್‌ಮಿಟ್ ಮಾಡಿದೆ ಮೇಡಂ, ಅಂದ.

ಮಧ್ಯಾಹ್ನದ ಹೊತ್ತಿಗೆ ನನ್ನ ಭುಜ ಮಾತ್ರವಲ್ಲ, ನಾನೇ ಸೋತಿದ್ದೆ. ಪುಟ್ಟತಾಯಮ್ಮ ಸೋತಿರಲಿಲ್ಲ. ಪ್ರತಿ ಮಗುವಿಗೂ ಹೊಸದಾಗಿ ಕಥೆ ಹೇಳುತ್ತಿದ್ದರು. ಹೂ ಕಟ್ಟುತ್ತಿದ್ದಾಗ ದಾರ ಕೈಜಾರಿದ್ದು, ಆಮೇಲೆ ತಾನೂ ಜಾರಿದ್ದು.

ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಪರದೆ. ಊಟಕ್ಕೆ ಮುಂಚಿನ ಕೊನೆಯ ಹುಡುಗ ಆಕೆಯ ಕೈಯ ಬಗ್ಗೆ ಒಪ್ಪಿಸುತ್ತಿದ್ದುದು ನನಗೆ ಕೇಳಿಸಿತು. ಬೆರಳುಗಳು ಮುಂದೆ ಕೆಲಸಕ್ಕೆ ಬರುತ್ತವಾ ಎಂದು ಎಕ್ಸಾಮಿನರ್ ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ ಮೇಡಂ, ಇಷ್ಟು ದಿನದ ಮೇಲೆ ಸಾಧ್ಯತೆ ತೀರಾ ಕಡಿಮೆ ಎಂದು ಅವನೂ ಇಂಗ್ಲಿಷಿನಲ್ಲೇ ಹೇಳಿದ, ಕಾರಣಗಳನ್ನೂ ಕೊಟ್ಟ.

"ಗುಡ್," ಎಂದರು ಎಕ್ಸಾಮಿನರ್.

ಪರದೆ ಸರಿಯಿತು. ಪುಟ್ಟತಾಯಮ್ಮ ನನ್ನ ಕಡೆ ವಾಲಿದರು.

"ಗುಡ್ ಅಂದ್ರಲ್ಲವ್ವ, ನಾನೂ ಕೇಳುಸ್ಕಂಡೆ. ದಸರಾ ವತ್ಗೆ ಹೂವ ಕಟ್ಬೋದು ಅನ್ನು."

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಆ ಕೋಣೆಯಲ್ಲಿದ್ದ ಎಲ್ಲರಿಗೂ ಆ ಕೈಯ ವಿಷಯ ಗೊತ್ತು. ಗೊತ್ತಿಲ್ಲದಿದ್ದದ್ದು ಕೈಯ ಒಡತಿಗೆ ಮಾತ್ರ. ಕೇಳಿಕೊಂಡು ಬರುತ್ತೇನೆ ಎಂದು ಎದ್ದೆ.

ವಿಷಯ ಹೇಳಿದಾಗ ಸುಮಾ ಮೊದಲು ಸಪ್ಪಗಾದಳು. ಎಕ್ಸರ್‌ಸೈಜ್ ಮಾಡ್ತಾ ಇರಿ, ಇಂಪ್ರೂವ್ ಆಗುತ್ತೆ ಅಂತಲೇ ಎಲ್ಲರಿಗೂ ಹೇಳುತ್ತೇವೆ ಮೇಡಂ, ಅಷ್ಟನ್ನೂ ಹೇಳದಿದ್ದರೆ ಯಾರೂ ಬರುವುದೇ ಇಲ್ಲ ಎಂದಳು. ಅದೂ ಸುಳ್ಳಲ್ಲ. ಎಕ್ಸಾಮಿನರ್ ಊಟಕ್ಕೆ ಕೂತಿದ್ದರು. ಐವತ್ತು ದಾಟಿದ ಹೆಂಗಸು, ಚಪ್ಪಲಿ ಬಿಚ್ಚಿಟ್ಟು ಊದಿದ ಪಾದಗಳನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡಿದ್ದರು. ಮರುದಿನ ಇನ್ನೊಂದು ಊರು, ಇನ್ನೊಂದು ಕಾಲೇಜು. ನಾನು ಹೇಳಿದ್ದನ್ನೆಲ್ಲ ಕೇಳಿ, ಅದು ಟ್ರೀಟ್ ಮಾಡುತ್ತಿರುವವರು ಹೇಳಬೇಕಾದ ಮಾತು, ನನ್ನದಲ್ಲ ಎಂದರು. ನಾನು ಅಲ್ಲೇ ನಿಂತಿದ್ದೆ. ಪುಟ್ಟತಾಯಮ್ಮನಿಗೂ ಎಕ್ಸರ್‌ಸೈಜ್ ಮಾಡಿಸುವ ಸುಮಾ ತಲೆ ತಗ್ಗಿಸಿದ್ದಳು. ಕೊನೆಗೆ ಎಕ್ಸಾಮಿನರ್ ಅರ್ಧ ಊಟ ಬಿಟ್ಟು, ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡರು.

ಪುಟ್ಟತಾಯಮ್ಮನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ಆ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಹೊರಗಿದ್ದ ಮಗಳನ್ನೂ ಕರೆಸಿದರು. ಆಮೇಲೆ ಕನ್ನಡದಲ್ಲಿ ಹೇಳಿದರು.

"ಅಮ್ಮ, ತೋಳಿಗೆ ಇನ್ನೂ ಒಂದಷ್ಟು ಬಲ ಬರಬಹುದು. ಹೂ ಕಟ್ಟೋ ಅಷ್ಟು ಬೆರಳು ಬರೋದು ಕಷ್ಟ."

ಪುಟ್ಟತಾಯಮ್ಮ ಮಗಳ ಮುಖ ನೋಡಿದರು. ಮತ್ತೆ ಇವರ ಮುಖ.

"ಮತ್ತೆ ಗುಡ್ ಅಂದ್ರಿ?"

"ಅದು ಆ ಹುಡುಗನಿಗೆ ಅಂದಿದ್ದು."

ಪುಟ್ಟತಾಯಮ್ಮ ಕೈಯನ್ನು ಮೆಲ್ಲಗೆ ಎಳೆದುಕೊಂಡು ಸೆರಗು ಮುಚ್ಚಿದರು. ಅತ್ತದ್ದು ಮಗಳು. ಆಮೇಲೆ ಪುಟ್ಟತಾಯಮ್ಮ, ಒಂದೇ ಕೈಯಲ್ಲಿ ಕಟ್ಟೋದನ್ನ ಯಾರಾದರೂ ಕಲಿಸುತ್ತಾರಾ ಎಂದು ಕೇಳಿದರು. ಎಕ್ಸಾಮಿನರ್, ಅಂಥದ್ದಕ್ಕೇ ಬೇರೆ ಓದಿದವರಿದ್ದಾರೆ, ಆಕ್ಯುಪೇಷನಲ್ ಥೆರಪಿಸ್ಟ್ ಅನ್ನುತ್ತಾರೆ, ಉಳಿದ ಕೈಯಲ್ಲಿ ಬದುಕಿನ ಕೆಲಸ ಮಾಡುವುದನ್ನು ಕಲಿಸುವವರು ಎಂದರು. ಎಲ್ಲಿದ್ದಾರೆ? ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ. ಇಲ್ಲಿ ಹತ್ತಿರದಲ್ಲಿ? ಎಕ್ಸಾಮಿನರ್ ಸುಮಾಳನ್ನು ನೋಡಿದರು. ಸುಮಾ ಇಲ್ಲವೆಂದು ತಲೆಯಾಡಿಸಿದಳು. ತನಗೆ ಗೊತ್ತಿರುವಂತೆ ಯಾರೂ ಇಲ್ಲ.

ಊಟದ ನಂತರ ಇನ್ನೂ ಕೆಲವು ಮಕ್ಕಳ ಪರೀಕ್ಷೆ ಬಾಕಿಯಿತ್ತು. ಮತ್ತೆ ಕೂರುತ್ತೀರಾ ಎಂದು ಪುಟ್ಟತಾಯಮ್ಮನನ್ನು ಕೇಳಲು ಸುಮಾಗೆ ಧೈರ್ಯವಿರಲಿಲ್ಲ. ಆಕೆಯೇ ಹೇಳಿದರು.

"ಕಳ್ಸವ್ವ. ಓದ್ಕಂಡ್ ಬಂದಿರ್ತವೆ ಪಾಪ."

ಮಕ್ಕಳು ಬಂದರು. ಆಕೆ ಕೈ ಕೊಟ್ಟು ಗೋಡೆ ನೋಡುತ್ತಾ ಕೂತರು. ಏನಾಯಿತು ಅಂತ ಕೇಳಿದವರಿಗೆ ಲಕ್ವ ಅಂದುಬಿಟ್ಟರು. ನಿಯಮ ಮುರಿಯಿತು. ಯಾರೂ ಆಕ್ಷೇಪಿಸಲಿಲ್ಲ.

ಮೊನ್ನೆ ಭುಜಕ್ಕೆಂದು ಹೋದಾಗ ಸುಮಾಳನ್ನು ವಿಚಾರಿಸಿದೆ. ಪುಟ್ಟತಾಯಮ್ಮ ಎಕ್ಸರ್‌ಸೈಜಿಗೆ ಬರುವುದನ್ನು ನಿಲ್ಲಿಸಿದ್ದಾರೆ. ಫೋನ್ ಮಾಡಿದರೆ ಮಗಳು ಎತ್ತಿದಳಂತೆ. ಅಂಗಡಿಯಲ್ಲಿ ಈಗ ಕಟ್ಟಿದ ಹೂವಿಲ್ಲ, ಬಿಡಿ ಹೂ ಮಾತ್ರ. ಅವ್ವ ಎಡಗೈಯಲ್ಲಿ ಅಳೆದು ಹಾಕುತ್ತಾರೆ ಎಂದಳಂತೆ. ನಾನು ಬಾಯಿ ಹಾಕದಿದ್ದರೆ ಆಕೆ ಇನ್ನೊಂದಷ್ಟು ದಿನ ಆಸೆಯಿಂದ ಬರುತ್ತಿದ್ದರೇನೋ. ತೋಳಿಗಾದರೂ ಬಲ ಬರುತ್ತಿತ್ತೇನೋ. ಅಥವಾ ದಸರಾಕ್ಕೆ ದಾರ ತೆಗೆದುಕೊಂಡು ಕೂತು, ಬೆರಳು ಬಾರದೆಂಬುದನ್ನು ಒಬ್ಬರೇ ತಿಳಿದುಕೊಳ್ಳಬೇಕಾಗುತ್ತಿತ್ತು. ಯಾವುದು ಮೇಲು?

ಮಕ್ಕಳೆಲ್ಲ ಚೆನ್ನಾಗಿಯೇ ಮಾಡಿದರಂತೆ. ಸಂತೋಷ. ನಿಜಕ್ಕೂ ಜಾಣ ಮಕ್ಕಳು. ಯಾವ ನರ ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆ ಎಂದು ನಿದ್ದೆಯಲ್ಲೂ ಹೇಳುತ್ತಾರೆ.

ರೋಗಿಯ ಕೈಯ ವಿಷಯವನ್ನು ರೋಗಿಗೇ ಹೇಳುವುದು ಯಾವ ವರ್ಷದ ಸಿಲಬಸ್ಸಿನಲ್ಲಿ ಬರುತ್ತದೆ?