ಮುಂದಿನ ಸೀಟಿನ ಸಾವಂತ್ರವ್ವ

ಹೊನವಾಡದ ಸಾವಂತ್ರವ್ವ ತಾನೇ ಕೊಂಡ ಕಾರಿನ ಹಿಂದಿನ ಸೀಟಿನಲ್ಲಿ ಒಂದೂವರೆ ವರ್ಷ ಕೂತಳು. ಅಷ್ಟು ದಿನವೂ ತನ್ನ ಮಗ್ಗುಲಿನ ಕಿಟಕಿಯ ಗುಂಡಿ ಕೆಟ್ಟಿದೆ ಎಂದೇ ತಿಳಿದಿದ್ದಳು. ಅದು ಕೆಟ್ಟಿರಲಿಲ್ಲ ಎಂದು ಗೊತ್ತಾದ ಮೇಲೆ ಏನು ನಡೆಯಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನಲ್ಲಿ ಇದನ್ನೇ ಒಬ್ಬ ಮುದುಕಿಯ ಹಟದ ಕಥೆಯೆಂದು ಹೇಳುವವರಿದ್ದಾರೆ. ಅವರು ಹೇಳಿಕೊಳ್ಳಲಿ.

ಆಕೆಗೆ ಈಗ ಅರವತ್ಮೂರು. ಓದಿದ್ದು ಮೂರನೆಯ ಇಯತ್ತೆ. ಮದುವೆಯಾಗಿ ಬಂದಾಗ ಗಂಡ ತುಕಾರಾಮನಿಗಿದ್ದದ್ದು ಒಂದು ಕುರಿ ಹಿಂಡು, ನಾಲ್ಕು ಎಕರೆ ಕಲ್ಲುಭೂಮಿ. ಮೊದಲ ಹನ್ನೆರಡು ವರ್ಷ ಕುರಿಗಳ ಹಿಂದೆ ಬಯಲಿನಲ್ಲೇ ಅಡುಗೆ, ಬಯಲಿನಲ್ಲೇ ನಿದ್ದೆ. ಮಗ ಮಾಳು ಹುಟ್ಟಿದ್ದೂ ಒಂದು ಹೊಲದ ಬದುವಿನ ಮೇಲೆ. ತುಕಾರಾಮ ತೀರಿಕೊಂಡು ಹದಿನಾರು ವರ್ಷವಾಯಿತು. ಆಮೇಲೆ ಕುರಿ ಮಾರಿ, ಬೋರು ಹಾಕಿಸಿ, ದ್ರಾಕ್ಷಿ ಹಚ್ಚಿದವಳು ಈಕೆ. ಒಣದ್ರಾಕ್ಷಿಯ ಶೆಡ್ ಎಬ್ಬಿಸಿದವಳೂ ಈಕೆಯೇ. ನನಗೆ ಆಕೆಯ ಪರಿಚಯವಾದದ್ದು ಆ ಒಣದ್ರಾಕ್ಷಿಯಿಂದ. ವರ್ಷಕ್ಕೊಮ್ಮೆ ವಿಜಯಪುರದ ನಮ್ಮ ಮನೆಗೆ ಐದು ಕಿಲೋ ತಂದುಕೊಡುತ್ತಾಳೆ. ಒಂದು ಹಿಡಿ ಹೆಚ್ಚಿಗೆ ಹಾಕುವುದಿಲ್ಲ, ನಾನೂ ಕೇಳುವುದಿಲ್ಲ.

ಕಾರು ಬಂದದ್ದು ದ್ರಾಕ್ಷಿ ಚೆನ್ನಾಗಿ ಬಂದ ವರ್ಷ. ಮಾಳು ಓಡಿಸಲು ಕಲಿತ. ಮುಂದಿನ ಸೀಟು ಯಾರದೆಂದು ಯಾರೂ ಚರ್ಚಿಸಲಿಲ್ಲ. ಸಾವಂತ್ರವ್ವಳ ಮೈದುನ ಶಿವಾಜಿ ವಿಜಯಪುರದ ಜೋರಾಪುರ ಪೇಟೆಯಲ್ಲಿ ಹಗ್ಗ, ತಾಡಪಾಲುಗಳ ಅಂಗಡಿ ಇಟ್ಟುಕೊಂಡಿದ್ದಾನೆ. ಆತ ಬಂದರೆ ಮುಂದಿನ ಸೀಟು ಆತನದು. ಬರದಿದ್ದರೆ ಮಾಳುವಿನ ಗೆಳೆಯರಲ್ಲಿ ಯಾರಾದರೊಬ್ಬರದು. ಯಾರೂ ಇಲ್ಲದಿದ್ದರೆ ಅದರ ಮೇಲೆ ಮಾಳುವಿನ ಟವೆಲು, ನೀರಿನ ಬಾಟಲಿ ಕೂರುತ್ತಿದ್ದವು. ಸಾವಂತ್ರವ್ವ ಮತ್ತು ಸೊಸೆ ಲಕ್ಷ್ಮಿ ಹಿಂದೆ.

ಹಿಂದೆ ಕೂತರೆ ಆಕೆಗೆ ಹೊಟ್ಟೆ ತೊಳಸುತ್ತಿತ್ತು. ಗಾಜು ಏರಿಸಿದ ಡಬ್ಬಿ, ಅತ್ತರಿನ ವಾಸನೆ, ಹಾಡು ಕಿರುಚುವ ಸ್ಪೀಕರು ನೇರ ತಲೆಯ ಹಿಂದೆ.

"ಮಾಳ್ಯಾ, ಕಿಟಕಿ ತಗಿಯೋ. ಉಸರ ಹಿಡದಂಗ ಆಗೇತಿ."

"ಏಸಿ ಹಚ್ಚೇನಲಾ ಯವ್ವಾ. ಧೂಳ ಒಳಗ ಬರತೈತಿ, ಸುಮ್ನ ಕುಂಡ್ರು."

"ಈ ಗುಂಡಿ ಕೆಟ್ಟೈತಿ, ರಿಪೇರಿಯರ ಮಾಡಸು."

"ಮಾಡಸ್ತೀನಿ ತಗೋ."

ಕಳೆದ ಜನವರಿಯಲ್ಲಿ ಸೀಟಿನ ಕವರು ಬದಲಿಸಲು ವಿಜಯಪುರದ ಗಾಂಧಿ ಚೌಕದ ಹಿಂದಿನ ಸಂದಿಯ ಒಂದು ಅಂಗಡಿಗೆ ಹೋದರು. ಕಾರಿಗೆ ಕವರು, ಟೇಪು, ದೀಪ ಹಾಕುವ ಅಂಗಡಿ ಅದು. ಮಾಳು ಔಷಧದ ಪಂಪಿನ ವಾಶರು ತರಲು ಹೋದ. ಕೆಲಸ ಮಾಡುತ್ತಿದ್ದ ಫೈಜಲನಿಗೆ ಸಾವಂತ್ರವ್ವ ಹೇಳಿದಳು: "ತಮ್ಮಾ, ಹೆಂಗೂ ಕೈ ಹಚ್ಚೀದಿ, ಈ ಕಿಟಕಿ ಗುಂಡಿನೂ ನೋಡಿಬಿಡು. ಒಂದೂವರಿ ವರ್ಸ ಆತು ಕೆಟ್ಟು."

ಫೈಜಲ ಡ್ರೈವರನ ಬಾಗಿಲಿಗೆ ಹೋಗಿ ಅಲ್ಲಿದ್ದ ಒಂದು ಗುಂಡಿ ಒತ್ತಿದ. "ಈಗ ಒತ್ರಿ ಆಯಿ."

ಗಾಜು ಸರ್ರನೆ ಇಳಿಯಿತು.

"ಕೆಟ್ಟಿಲ್ರೀ ಇದು. ಮುಂದಿಂದ ಲಾಕ್ ಮಾಡ್ಯಾರ. ಸಣ್ಣ ಹುಡುಗ್ರು ಹಿಂದ ಕುಂತು ಕೈ ಹೊರಗ ಹಾಕಬಾರ್ದಂತ ಇಟ್ಟಿರತಾರ."

"ನಮ್ಮ ಮನ್ಯಾಗ ಸಣ್ಣ ಹುಡುಗ್ರು ಇಲ್ಲ," ಎಂದಳು ಸಾವಂತ್ರವ್ವ.

ಫೈಜಲ ಹಿಂದಿನ ಬಾಗಿಲು ತೆಗೆದು ಹಿಡಿದ. ಆಕೆ ಕೆಳಗಿಳಿದು, ಮುಂದಿನ ಸೀಟಿನ ಟವೆಲು ತೆಗೆದು ಹಿಂದಕ್ಕೆ ಎಸೆದು, ಅಲ್ಲಿ ಕೂತಳು. "ಈ ಗಾಡ್ಯಾಗ ಏನೇನ ಐತಿ, ಎಲ್ಲಾ ತೋರಸು," ಎಂದಳು.

ಅರ್ಧ ಗಂಟೆ ಆತ ತೋರಿಸಿದ. ಹೊರಗಿನ ಗಾಳಿ ಒಳಕ್ಕೆ ಬರುವಂತೆ ಮಾಡುವ ಗುಂಡಿ ಯಾವುದು, ಒಳಗಿನ ಗಾಳಿಯೇ ಸುತ್ತುವಂತೆ ಮಾಡುವುದು ಯಾವುದು. ಚಾವಣಿಯ ದೀಪಕ್ಕೆ ಮೂರು ಸ್ಥಾನ: ಒಂದರಲ್ಲಿ ಆರಿರುತ್ತದೆ, ಒಂದರಲ್ಲಿ ಬಾಗಿಲು ತೆಗೆದಾಗ ಮಾತ್ರ ಹತ್ತುತ್ತದೆ, ಒಂದರಲ್ಲಿ ಹತ್ತಿಯೇ ಇರುತ್ತದೆ. ಗಾಡಿ ನಿಲ್ಲಿಸಿದ ಮೇಲೂ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿದುಹೋಗುತ್ತದೆ. ಬಾಗಿಲನ್ನು ಒಳಗಿನಿಂದ ಲಾಕ್ ಮಾಡುವುದು ಹೀಗೆ. ಹಾಡಿನ ಸದ್ದನ್ನು ಹಿಂದಿನ ಸ್ಪೀಕರುಗಳಿಂದ ಮುಂದಿನವಕ್ಕೆ ಸರಿಸುವುದು ಹೀಗೆ. ರೇಡಿಯೊದಲ್ಲಿ ವಿಜಯಪುರದ ಆಕಾಶವಾಣಿ ಇಲ್ಲಿ ಸಿಗುತ್ತದೆ. ಒಮ್ಮೆ ಹೇಳಿದ್ದನ್ನು ಆಕೆ ಎರಡನೇ ಸಲ ಕೇಳಲಿಲ್ಲ.

ಮಾಳು ಬಂದಾಗ ತಾಯಿ ಮುಂದೆ ಕೂತು ಕೃಷಿ ಕಾರ್ಯಕ್ರಮ ಕೇಳುತ್ತಿದ್ದಳು.

"ನಾ ಕೂಸೇನೋ?" ಎಂದು ಕೇಳಿದಳು.

"ಏನ ಯವ್ವಾ?"

"ಕಿಟಕಿ ಲಾಕ್ ಮಾಡಿದ್ದಿ. ನಾ ಕೂಸೇನು, ಕುರೀನೋ?"

ಮಾಳು ನಕ್ಕು ತೇಲಿಸಲು ನೋಡಿದ. ತಾಯಿ ನಗಲಿಲ್ಲ. ಆ ದಿನದಿಂದ ಮುಂದಿನ ಸೀಟು ಆಕೆಯದಾಯಿತು. ಗಾಜು ಇಳಿಸಿ ಕೂತರೆ ಹೊಟ್ಟೆ ತೊಳಸುವುದೂ ನಿಂತಿತು. ಒಂದು ತಿಂಗಳು ಯಾರೂ ತಕರಾರು ಮಾಡಲಿಲ್ಲ, ಏಕೆಂದರೆ ಆ ತಿಂಗಳು ಶಿವಾಜಿ ಕಾರು ಹತ್ತಿರಲಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಕಾವ್ಯಾಳಿಗೆ ಬಬಲೇಶ್ವರದಿಂದ ಸಂಬಂಧ ಬಂತು. ಕಾವ್ಯಾ ಬಿ.ಎಸ್ಸಿ. ಮುಗಿಸಿದ್ದಾಳೆ. ಹುಡುಗನ ತಂದೆ ಅಮಸಿದ್ದ ಒಕ್ಕಲುತನದವ, ಹುಡುಗ ಹಾಲಿನ ಡೇರಿಯಲ್ಲಿ ನೌಕರ. ಅವರು ಬಂದು ಹುಡುಗಿಯನ್ನು ನೋಡಿ ಒಪ್ಪಿದ್ದರು. ಕಾವ್ಯಾಳಿಗೂ ಹುಡುಗ ಹಿಡಿಸಿದ್ದ; ಫೋನಿನಲ್ಲಿ ಮಾತು ನಡೆದಿತ್ತು. ಇನ್ನು ಇವರು ಹೋಗಿ ಹುಡುಗನ ಮನೆ ನೋಡಿ ಬರಬೇಕು. ಈ ಸಂಬಂಧ ಎಲ್ಲರಿಗೂ ಬೇಕಾಗಿತ್ತು. ಸಾವಂತ್ರವ್ವಳಿಗೂ ಬೇಕಾಗಿತ್ತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಕೆಗೆ ಬೇಡವಾಗಿತ್ತು ಎಂದು ಆಮೇಲೆ ಜನ ಆಡಿಕೊಂಡರು.

ಮನೆ ನೋಡಲು ಹೊರಟ ದಿನ ಟಿಕೋಟದ ಮೇಲಿಂದ ವಿಜಯಪುರಕ್ಕೆ ಬಂದು, ಗಾಂಧಿ ಚೌಕದಲ್ಲಿ ಹಣ್ಣು, ಪೇಢೆ ಕಟ್ಟಿಸಿಕೊಂಡು, ಶಿವಾಜಿಯನ್ನು ಕರೆದುಕೊಳ್ಳಲು ಜೋರಾಪುರ ಪೇಟೆಗೆ ಹೋದರು. ಆತ ಬಿಳಿ ಅಂಗಿ, ಟೊಪ್ಪಿಗೆ ಹಾಕಿಕೊಂಡು ಅಂಗಡಿಯ ಮೆಟ್ಟಿಲಿಳಿದು ನೇರವಾಗಿ ಮುಂದಿನ ಬಾಗಿಲಿಗೆ ಬಂದ.

"ವೈನಿ, ಹಿಂದ ಕುಂಡ್ರ ಬರ್ರಿ."

"ಯಾಕ?"

"ಯಾಕಂದ್ರ? ಹಿರೇರು ಮುಂದ ಕುಂಡ್ರೂದು ಪದ್ಧತಿ."

"ನಿನಗಿಂತ ನಾ ಆರ ವರ್ಸ ಹಿರೇಕಿ."

"ವಯಸ್ಸಿನ ಮಾತಲ್ರೀ. ಶುಭಕಾರ್ಯಕ್ಕ ಹೊಂಟೀವಿ. ನೀವು ಮುಂದ ಕುಂತ್ರ..." ಶಿವಾಜಿ ಸುತ್ತ ನೋಡಿ ದನಿ ತಗ್ಗಿಸಿದ. "ಬಾಯಿ ಬಿಟ್ಟ ಹೇಳಬೇಕೇನ್ರಿ?"

"ಹೇಳು."

ಆತ ಹೇಳಲಿಲ್ಲ. ಹೇಳಬೇಕಾದದ್ದು ಇಷ್ಟು: ಗಂಡ ಸತ್ತವಳು ಶುಭಕ್ಕೆ ಹೊರಟವರ ಮುಂದಿರಬಾರದು. ಓದಿದವರ ಮನೆಗಳಲ್ಲೂ ಇದು ನಡೆಯುತ್ತದೆ. ಅವರು ಅದನ್ನು ಸ್ವಲ್ಪ ನಯವಾಗಿ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

"ಹೇಳಾಕ ನಾಚಿಕಿ ಬರತೈತಿ ನಿನಗ," ಎಂದಳು ಸಾವಂತ್ರವ್ವ. "ಮಾಡಾಕ ಯಾಕ ಬರವಲ್ದು?"

ಶಿವಾಜಿ ಬಾಗಿಲಿನ ಹಿಡಿಕೆ ಎಳೆದ. ಬಾಗಿಲು ತೆರೆಯಲಿಲ್ಲ. ಆಕೆ ಒಳಗಿನಿಂದ ಲಾಕ್ ತಳ್ಳಿ, ಗಾಜನ್ನು ನಾಲ್ಕು ಬೆರಳಿನಷ್ಟು ಮಾತ್ರ ಬಿಟ್ಟು ಏರಿಸಿಕೊಂಡಿದ್ದಳು. ಎದುರಿನ ಚಹಾದಂಗಡಿಯ ಬಾಬುಸಾಬ ಕೈಯಲ್ಲಿ ಕೆಟ್ಲಿ ಹಿಡಿದು ನೋಡುತ್ತ ನಿಂತಿದ್ದ.

"ಶಿವಾಜಿ ಅಣ್ಣಾ, ಬಸ್ಸಿಗೂ ಹೋಗಬ್ಯಾಡ್ರಿ ಮತ್ತ. ಅಲ್ಲೂ ಮುಂದಿನ ಸೀಟ ಹೆಣ್ಮಕ್ಕಳದ ಐತಿ!"

ನಾಲ್ಕು ಜನ ನಕ್ಕರು. ಮಾಳು ಸ್ಟೇರಿಂಗ್ ಹಿಡಿದು ತನ್ನ ಬೆರಳುಗಳನ್ನೇ ನೋಡುತ್ತಿದ್ದ. ಹತ್ತು ನಿಮಿಷ ಬೀದಿಯಲ್ಲಿ ನಿಂತ ಮೇಲೆ ಶಿವಾಜಿ ಹಿಂದಿನ ಬಾಗಿಲು ತೆಗೆದು ಲಕ್ಷ್ಮಿಯ ಪಕ್ಕ ಕೂತ.

ಊರು ದಾಟುವಷ್ಟರಲ್ಲಿ ಆತನಿಗೆ ಸೆಕೆಯಾಯಿತು. "ಮಾಳು, ಗಾಜರ ಇಳಸೋ."

"ನಿನ್ನ ಗುಂಡಿ ನಿನ್ನ ಕೈಯಾಗ ಐತಿ, ಒತ್ತು," ಎಂದಳು ಸಾವಂತ್ರವ್ವ ಹಿಂದೆ ತಿರುಗದೆ. "ನಾ ಲಾಕ್ ಮಾಡಿಸಿಲ್ಲ."

ಬಬಲೇಶ್ವರ ಹತ್ತಿರ ಬಂದಾಗ ಹೊತ್ತು ಮುಳುಗಿತ್ತು. ಶಿವಾಜಿ ದಾರಿಯುದ್ದಕ್ಕೂ ಯೋಚಿಸಿ ಒಂದು ಉಪಾಯ ಹುಡುಕಿದ್ದ. "ಹೋಗ್ಲಿ ಬಿಡು ಮಾಳು. ಕತ್ತಲಾಗೇತಿ, ಯಾರ ಎಲ್ಲಿ ಕುಂತಾರಂತ ಅವರಿಗೇನ ಕಾಣತೈತಿ? ಗಾಡಿ ನಿಂತ ಕೂಡಲೇ ನಾ ಮೊದಲ ಇಳೀತೀನಿ. ವೈನಿ ಹಿಂದಿಂದ ಸಾವಕಾಶ ಬರ್ಲಿ."

"ಕಾಣಂಗಿಲ್ಲೇನು?" ಎಂದು ಸಾವಂತ್ರವ್ವ ಕೈ ಮೇಲೆತ್ತಿ ಚಾವಣಿಯ ದೀಪ ಹಚ್ಚಿದಳು.

"ಯವ್ವಾ, ಆರಸು! ಮುಂದಿನ ಗಾಜಿನ್ಯಾಗ ನಮ್ಮ ಮಾರಿನ ಕಾಣಾಕತ್ತೇತಿ, ದಾರಿ ಕಾಣವಲ್ದು."

ಮಗ ಹೇಳಿದ್ದು ಸರಿಯಾಗಿತ್ತು. ಆರಿಸಿದಳು. ಕಾರು ಅಮಸಿದ್ದನ ಓಣಿಗೆ ಹೊರಳಿ, ಬೀದಿದೀಪಗಳ ಕೆಳಗೆ ಆಳು ನಡೆಯುವ ವೇಗಕ್ಕೆ ಬಂದಾಗ ಮತ್ತೆ ಹಚ್ಚಿದಳು. ಈ ಸಲ ಮಾಳು ಆರಿಸು ಎನ್ನಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಹೆಂಗಸರಿಗೆ ಕಾರಿನೊಳಗೆ ಯಾರು ಮುಂದೆ, ಯಾರು ಹಿಂದೆ ಎಂಬುದು ಸ್ಪಷ್ಟವಾಗಿ ಕಂಡಿತು. ಬರಿಯ ಹಣೆ, ತಲೆಯ ಮೇಲೆ ಸೆರಗು, ನೆಟ್ಟಗೆ ಕೂತ ಮುದುಕಿ.

ಮನೆಯ ಮುಂದೆ ಅಮಸಿದ್ದನ ಹೆಂಡತಿ ಹೊಳೆವ್ವ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ನಿಂತಿದ್ದಳು. ಮುಂದಿನ ಬಾಗಿಲ ಕಡೆಗೆ ಬಂದವಳು, ಒಳಗೆ ಕೂತವಳನ್ನು ನೋಡಿ ಅಲ್ಲೇ ನಿಂತಳು. ಅಮಸಿದ್ದ ಹಿಂದಿನ ಸೀಟಿನ ಕಡೆ ನೋಡಿ, "ಹಿರೇರು ಮೊದಲ ಇಳೀರಿ," ಎಂದ.

ಶಿವಾಜಿ ಬಾಗಿಲು ತೆಗೆಯಲು ಹೋದ. ಆಗಲಿಲ್ಲ. ಇನ್ನೊಮ್ಮೆ ಎಳೆದ. ಭುಜ ಕೊಟ್ಟು ನೂಕಿದ.

"ಅದು ಒಳಗಿಂದ ತೆರಿಯಂಗಿಲ್ರೀ ಮಾವಾ," ಎಂದಳು ಲಕ್ಷ್ಮಿ ಮೆಲ್ಲಗೆ. "ಹೊರಗಿಂದ ಯಾರರ ತಗೀಬೇಕು."

ಹಿಂದಿನ ಬಾಗಿಲುಗಳ ಅಂಚಿನಲ್ಲಿ ಮಕ್ಕಳಿಗೆಂದು ಇಟ್ಟ ಇನ್ನೊಂದು ಲಾಕ್ ಇರುತ್ತದೆ. ಅದನ್ನೂ ಮಾಳು ಹಾಕಿಟ್ಟಿದ್ದ. ಪ್ರತಿ ಸಲ ತಾನೇ ಬಂದು ತಾಯಿಗೆ ಬಾಗಿಲು ತೆಗೆಯುತ್ತಿದ್ದ; ಅದನ್ನು ಆಕೆ ಮಗ ಕೊಡುವ ಮರ್ಯಾದೆ ಎಂದುಕೊಂಡಿದ್ದಳು.

ಈಗ ಸಾವಂತ್ರವ್ವ ಇಳಿದಳು. ಹೊಳೆವ್ವಳ ಕೈಯಿಂದ ತಂಬಿಗೆ ತಾನೇ ತೆಗೆದುಕೊಂಡು, ಕಾಲು ತೊಳೆದು, ತಂಬಿಗೆ ವಾಪಸು ಕೊಟ್ಟಳು. ಆಮೇಲೆ ಹಿಂದಿನ ಬಾಗಿಲು ತೆಗೆದಳು.

"ಇಳಿ," ಎಂದಳು ಮೈದುನನಿಗೆ.

ಮನೆ ನೋಡಿದ್ದಾಯಿತು. ಗಟ್ಟಿ ಮನೆ, ಎರಡು ಎಮ್ಮೆ, ಅಂಗಳದಲ್ಲಿ ನಳ. ಚೂಡಾ, ಚಹಾ ಬಂತು. ಲಕ್ಷ್ಮಿಗೆ ಕುಂಕುಮ ಕೊಟ್ಟರು. ಹೊಳೆವ್ವ ಆ ನಂತರ ಮಾತಾಡಿದ್ದೆಲ್ಲ ಲಕ್ಷ್ಮಿಯ ಜೊತೆ ಮಾತ್ರ.

ಆರನೆಯ ದಿನ ಅಮಸಿದ್ದನ ಫೋನು ಬಂತು. ಹುಡುಗಿ ಒಪ್ಪಿಗೆ, ಆದರೆ ಒಂದು ಮಾತು: ನಿಶ್ಚಯಕ್ಕೂ ಮದುವೆಗೂ ಹುಡುಗಿಯನ್ನು ಮುತ್ತೈದೆಯರು ಕರೆತರಲಿ, ಅಜ್ಜಿ ಹಿಂದೆ ಕೂತು ಬರಲಿ, ಇಲ್ಲವೇ ಮನೆಯಲ್ಲಿರಲಿ. ಮಾಳು ತಲೆ ತಗ್ಗಿಸಿಕೊಂಡು ಬಂದು ತಾಯಿಗೆ ಹೇಳಿದ.

"ಸಂಬಂಧ ಬ್ಯಾಡಂತ ನಾ ಅನ್ನಂಗಿಲ್ಲ," ಎಂದಳು ಆಕೆ. "ಹಿಂದ ಕುಂಡ್ರಂಗೂ ಇಲ್ಲ. ಏನ ಬೇಕೋ ಅವರ ಆರಿಸ್ಕೊಳ್ಳಿ."

ಕಾವ್ಯಾ ಸಿಟ್ಟಾದಳು. "ಆಯಿ, ಎರಡ ದಿನ ಹಿಂದ ಕುಂತ್ರ ಏನಾಗತೈತಿ ನಿನಗ?"

"ಒಂದೂವರಿ ವರ್ಸ ಕುಂತೇನಿ. ಏನಾಗತೈತಂತ ಗೊತ್ತೈತಿ."

ಒಂದು ವಾರ ಮೊಮ್ಮಗಳು ಅಜ್ಜಿಯ ಜೊತೆ ಮಾತಾಡಲಿಲ್ಲ. ಅಜ್ಜಿ ಸಮಾಧಾನ ಮಾಡಲು ಹೋಗಲೂ ಇಲ್ಲ; ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋದಳು, ಸಂಜೆ ಬಂದಳು. ಎಂಟನೆಯ ದಿನ ಕಾವ್ಯಾ ತಾನಾಗಿಯೇ ಹುಡುಗನಿಗೆ ಫೋನು ಮಾಡಿದಳು. ಅಡುಗೆಮನೆಯಲ್ಲಿ, ತಾಯಿ ಲಕ್ಷ್ಮಿಯ ಎದುರಿನಲ್ಲೇ.

"ನಮ್ಮ ಆಯಿ ಎಲ್ಲಿ ಕುಂಡ್ರಬೇಕಂತ ನಿಮಗ ಅನಸ್ತೈತಿ?"

"ನನಗೇನ ಅನಸೂದು? ಮನ್ಯಾಗ ಹೇಳಿದಂಗ."

"ನಾಳಿ ನಿಮಗೇನರ ಆತು, ನಾ ಒಬ್ಬಾಕಿ ಉಳದ್ನಿ ಅಂದ್ರ, ನನ್ನೂ ಹಿಂದ ಕುಂಡ್ರಸ್ತಾರೇನು?"

ಇಂಥ ಅಪಶಕುನದ ಮಾತು ಆಡುತ್ತಾರೆಯೇ ಎಂದು ಹುಡುಗ ಫೋನು ಇಟ್ಟ. ಆತ ಮತ್ತೆ ಮಾಡುವನೆಂದು ಕಾವ್ಯಾ ಮರುದಿನ ಸಂಜೆಯವರೆಗೆ ಕಾದಳು. ಆಮೇಲೆ ತಂದೆಗೆ, ಈ ಸಂಬಂಧ ಬೇಡವೆಂದು ಹೇಳಿಬಿಡು ಎಂದಳು.

ಶಿವಾಜಿ ಹೊನವಾಡಕ್ಕೆ ಬಂದು ಕೂಗಾಡಿದ. "ಒಂದ ಸೀಟಿನ ಸಲುವಾಗಿ ಕೂಸಿನ ಮದಿವಿ ಮುರದ್ರಿ ವೈನಿ!"

ಸಾವಂತ್ರವ್ವ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಕಾವ್ಯಾ ಬಂದಳು. "ಅಜ್ಜಾ, ಬ್ಯಾಡಂದಾಕಿ ನಾ. ಬೈಯೂದಿದ್ರ ನನಗ ಬೈ."

ಇದೆಲ್ಲ ನನಗೆ ತಿಳಿದದ್ದು ಮೊನ್ನೆ, ಆಕೆ ಒಣದ್ರಾಕ್ಷಿ ತಂದಾಗ. ಕಾವ್ಯಾ ಅತ್ತಳೇ ಎಂದು ಕೇಳಿದೆ.

"ಅತ್ತಳ್ರಿ. ಎರಡ ದಿನ ಅತ್ತಳು. ಮೂರನೇ ದಿನ ಉಂಡಳು."

ಟಿಕೋಟದಿಂದ ಇನ್ನೊಂದು ಸಂಬಂಧದ ಮಾತು ಬಂದಿದೆಯಂತೆ. ಬರುವ ವಾರ ಅವರ ಮನೆ ನೋಡಲು ಹೊರಟಿದ್ದಾರೆ. ಶಿವಾಜಿಯೂ ಬರುತ್ತಾನೆಯೇ ಎಂದೆ.

"ಬರತಾನ್ರಿ, ಯಾಕ ಬರಂಗಿಲ್ಲ? ಕಾಕಾ ಬ್ಯಾಡೇನು?" ಎಂದು ಸಾವಂತ್ರವ್ವ ಖಾಲಿ ಚೀಲ ಝಾಡಿಸಿ ಮಡಚಿದಳು. "ಹಿಂದ ಜಾಗ ಐತಿ."