ಆಮೆಯ ಬಾಗಿಲು ಹಾಕಿದ್ದೆನೇ?

ಸಿಹಿ ಪೊಂಗಲ್ ಇನ್ನೂ ಬಾಯಿಗೆ ಹೋಗಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೆಲ್ಲಗೆ ಕೇಳಿದಳು:

“ರೀ, ಮುದ್ದೆಯನ್ನ ಒಳಗೆ ಬಿಟ್ಟು ಬಾಗಿಲು ಹಾಕಿದ್ರಿ ತಾನೆ?”

“ಹಾಕಿದೆ” ಎಂದೆ. ಸ್ಪೂನು ಅರ್ಧ ದಾರಿಯಲ್ಲಿ ನಿಂತಿತು.

ಹಾಕಿದೆನಾ?

ಇದು ಕಳೆದ ಶನಿವಾರದ ಮಾತು. ನಾವು ಆಸ್ಟಿನ್‌ನಲ್ಲಿ ಅಲ್ಲಿನ ಕನ್ನಡಿಗರ ಸಂಕ್ರಾಂತಿ ಊಟಕ್ಕೆ ಕೂತಿದ್ದೆವು. ನಮ್ಮ ಮನೆ ಇರುವುದು ಡಾಲಸ್ ಪಕ್ಕದ ಕಾಪೆಲ್‌ನಲ್ಲಿ, ಕಾರಿನಲ್ಲಿ ಮೂರೂವರೆ ಗಂಟೆ ದೂರ. ಮುದ್ದೆ ಎಂದರೆ ನಮ್ಮ ಆಮೆ. (ತಲೆ, ಕಾಲು ಒಳಗೆಳೆದುಕೊಂಡರೆ ತಟ್ಟೆಯಲ್ಲಿಟ್ಟ ರಾಗಿಮುದ್ದೆಯೇ. ಹೆಸರಿಟ್ಟವಳು ಮೈಸೂರು ಕಡೆಯ ನನ್ನ ಹೆಂಡತಿ ವೀಣಾ. ಗದಗಿನವನಾದ ನನ್ನನ್ನು ಯಾರೂ ಕೇಳಲಿಲ್ಲ.)

ಟೆಕ್ಸಾಸ್‌ನಲ್ಲಿ ಎಂಥ ಚಳಿ ಎಂದು ನೀವು ನಗಬಹುದು. ಇಲ್ಲಿಗೆ ಬರುವ ಮೊದಲು ನಾನೂ ನಕ್ಕಿದ್ದೆ. ಬೆಳಿಗ್ಗೆ ಅರ್ಧ ತೋಳಿನ ಅಂಗಿಯಲ್ಲಿ ಓಡಾಡಿ ಸಂಜೆಗೆ ಕಾರಿನ ಗಾಜಿನ ಮೇಲಿನ ಐಸ್ ಕೆರೆಯುವ ಊರು ಇದು. ಉತ್ತರದ ಗಾಳಿ ಹೇಳಿ ಕೇಳಿ ಬರುವುದಿಲ್ಲ.

ಕೆಲವು ಆಮೆಗಳು ಚಳಿಗಾಲವಿಡೀ ನಿದ್ದೆ ಹೊಡೆಯುತ್ತವಂತೆ. ಪುಣ್ಯವಂತರು. ಮುದ್ದೆ ಆ ಜಾತಿಯಲ್ಲ. ಅವನ ಮೂಲ ಆಫ್ರಿಕಾದ ಮರುಭೂಮಿಯ ಅಂಚು. ಚಳಿ ಹತ್ತಿದರೆ ಎಲ್ಲಿದ್ದಾನೋ ಅಲ್ಲೇ ಮರಗಟ್ಟಿ ನಿಲ್ಲುತ್ತಾನೆ, ಮನೆಯ ಕಡೆ ನಡೆದು ಹೋಗುವ ಶಕ್ತಿಯೂ ಉಳಿಯುವುದಿಲ್ಲ. ಐಸ್ ಬೀಳುವ ರಾತ್ರಿ ಹೊರಗೆ ಉಳಿದರೆ ಬೆಳಗ್ಗೆ ಆಮೆ ಇರುವುದಿಲ್ಲ, ಚಿಪ್ಪು ಇರುತ್ತದೆ.

ಮಗಳು ಇಂಚರ ಅವನನ್ನು ಅಂಗಡಿಯಿಂದ ಅಂಗೈಯಲ್ಲಿಟ್ಟುಕೊಂಡು ತಂದಿದ್ದಳು. ಈಗ ಅವಳಿಗೆ ಹನ್ನೆರಡು. ಮುದ್ದೆಯ ತೂಕ ಒಂದು ದೊಡ್ಡ ಅಕ್ಕಿ ಚೀಲದಷ್ಟು. ಹೋದ ವರ್ಷದ ಚಳಿಗಾಲವನ್ನು ನಮ್ಮ ಲಾಂಡ್ರಿ ರೂಮಿನಲ್ಲಿ ಕಳೆದ. ಡ್ರೈಯರ್ ಹಿಂದೆ ನುಗ್ಗಿ ಪೈಪು ಕಿತ್ತ. ಗೋಡೆಗೆ ಬೆನ್ನುಜ್ಜಿ ತೂತು ಮಾಡಿದ. (ಅಮೆರಿಕದ ರಟ್ಟಿನಂಥ ಗೋಡೆಗಳ ಬಗ್ಗೆ ಇನ್ನೊಮ್ಮೆ ಬೈಯುತ್ತೇನೆ.) ಒಗೆದ ಬಟ್ಟೆಯ ಮೇಲೆ ಮಾಡಿದ್ದನ್ನು ಇಲ್ಲಿ ಬರೆಯಲಾರೆ.

ವೀಣಾ ತೀರ್ಪು ಕೊಟ್ಟಳು. “ಇನ್ನು ಅವನು ಮನೆಯೊಳಗೆ ಬರೋ ಹಾಗಿಲ್ಲ. ಹೊರಗೇ ಬೆಚ್ಚಗಿಡೋಕೆ ಆದ್ರೆ ಇಟ್ಕೊಳ್ಳಿ. ಮೊದಲನೇ ಐಸ್ ಬಿದ್ದ ದಿನ ಅಲ್ಲಿ ಬೆಚ್ಚಗಿಲ್ಲ ಅಂದ್ರೆ ಪೇರ್ಲ್ಯಾಂಡ್‌ಗೆ ಕೊಟ್ಟುಬಿಡೋದು. ಅಳು, ಗಿಳು ಏನೂ ನಡೆಯಲ್ಲ.”

ಪೇರ್ಲ್ಯಾಂಡ್ ಇರುವುದು ಹ್ಯೂಸ್ಟನ್ ಪಕ್ಕ, ನಮಗಿಂತ ಬೆಚ್ಚಗಿನ ಜಾಗ. ಅಲ್ಲಿರುವ ನನ್ನ ಹುಬ್ಬಳ್ಳಿ ಗೆಳೆಯ ಪ್ರಹ್ಲಾದನಿಗೆ ಮುದ್ದೆಯ ಮೇಲೆ ಮೊದಲಿಂದಲೂ ಕಣ್ಣು.

ಇಂಚರ ಅಳಲಿಲ್ಲ. ಟೇಪು ಹಿಡಿದು ಗರಾಜಿಗೆ ಹೋದಳು.

ಶರತ್ಕಾಲದ ವಾರಾಂತ್ಯಗಳೆಲ್ಲ ಅಲ್ಲೇ ಕಳೆದವು. ಅಳತೆ ಅವಳದು, ಗರಗಸ ನನ್ನದು. ಎರಡು ಪದರ ಪ್ಲೈವುಡ್, ನಡುವೆ ದಪ್ಪ ಫೋಮ್ ಹಲಗೆ. ನೆಲಕ್ಕೆ, ಹಂದಿಮರಿಗಳಿಗಾಗಿಯೇ ಮಾಡಿದ ಕರೆಂಟಿನ ಬಿಸಿ ಹಾಸು. ಅದನ್ನು ತರಲು ಊರಾಚೆಯ ಪಶು ಆಹಾರದ ಅಂಗಡಿಗೆ ಹೋದೆವು. ಕೌಬಾಯ್ ಹ್ಯಾಟಿನ ಅಜ್ಜ ಎಷ್ಟು ಮರಿ ಎಂದು ಕೇಳಿದ. “ಒಂದೇ, ಆದರೆ ಹಂದಿ ಅಲ್ಲ” ಎಂದಳು. ಅವನು ನನ್ನ ಮುಖ ನೋಡಿದ ರೀತಿ ನಿಮಗೆ ಹೇಗೆ ವಿವರಿಸಲಿ?

ಚಳಿ ಹೆಚ್ಚಾದರೆ ಹಾಸು ತಾನೇ ಆನ್ ಆಗುತ್ತದೆ, ಬಿಸಿಯಾದರೆ ಆಫ್. ಸಾಕಲ್ಲ ಎಂದೆ. ಸಾಲದು ಎಂದಳು. ಖಾಲಿ ಹಾಲಿನ ಕ್ಯಾನ್‌ಗಳಿಗೆಲ್ಲ ನೀರು ತುಂಬಿ ಒಳಗೋಡೆಗೆ ಸಾಲಾಗಿ ಒರಗಿಸಿದಳು. ನೀರು ಬಿಸಿ ಕುಡಿದು ನಿಧಾನವಾಗಿ ಬಿಟ್ಟುಕೊಡುತ್ತದಂತೆ. “ಕರೆಂಟ್ ಹೋದ್ರೆ?” ಎಂದಳು. ಅಮೆರಿಕದಲ್ಲಿ ಕರೆಂಟ್ ಹೋಗುತ್ತದಾ ಎಂದು ನಕ್ಕೆ. ಗದಗಿನಲ್ಲಿ ಬೆಳೆದವನು ನಗಬಾರದಿತ್ತು.

ಬಾಗಿಲು ಮಾತ್ರ ಕೈಯಿಂದಲೇ ಹಾಕಬೇಕು. ಎರಡು ಮರದ ಪಟ್ಟಿಗಳ ನಡುವೆ ಮೇಲೆ ಕೆಳಗೆ ಜಾರುವ ಒಂದು ಹಲಗೆ, ಅಷ್ಟೇ. ಬಿಸಿಲಿದ್ದಾಗ ಎತ್ತಿದರೆ ಮುದ್ದೆ ಹೊರಗೆ ಬಂದು ಹುಲ್ಲು ಮೇಯುತ್ತಾನೆ. ನಾವು ಮನೆ ಬಿಡುವಾಗ ಅವನನ್ನು ಒಳಗೆ ತಳ್ಳಿ ಹಲಗೆ ಇಳಿಸುವುದು ನನ್ನ ಕೆಲಸ.

ಶನಿವಾರ ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು. ಭಾನುವಾರಕ್ಕೆ ಐಸ್ ಎಂದು ಟಿವಿಯವರು ಹೇಳಿದ್ದರು. ಆಸ್ಟಿನ್‌ನಲ್ಲಿ ಊಟದ ಹಾಲ್‌ಗೆ ಕಾಲಿಡುವಾಗ ಸುದ್ದಿ ಬಂತು. ಭಾನುವಾರದ್ದು ಶನಿವಾರವೇ ಹೊರಟಿದೆ. ಡಾಲಸ್‌ನಲ್ಲಿ ಮಳೆ ಶುರು, ಇನ್ನೇನು ಐಸ್ ಆಗುತ್ತದೆ.

ಅದಕ್ಕೇ ವೀಣಾಳ ಪ್ರಶ್ನೆ.

ನನಗೆ ಆ ದೃಶ್ಯ ಸ್ಪಷ್ಟವಾಗಿ ನೆನಪಿದೆ. ಬಗ್ಗಿದೆ, ಮುದ್ದೆಯ ಬೆನ್ನು ಕಂಡಿತು, ಹಲಗೆ ಇಳಿಸಿದೆ. ಆದರೆ ಅದು ಶನಿವಾರದ ಬೆನ್ನೋ, ಶುಕ್ರವಾರದ್ದೋ? ದಿನಾ ಮಾಡುವ ಕೆಲಸದ ನೆನಪಿಗೆ ತಾರೀಖು ಇರುವುದಿಲ್ಲ. ನೀವೂ ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬಸ್‌ಸ್ಟಾಪಿನವರೆಗೆ ಹೋಗಿ ವಾಪಸ್ ಬಂದು ಮತ್ತೆ ಎಳೆದಿಲ್ಲವೇ? ನಾನು ಸಂಖ್ಯಾಶಾಸ್ತ್ರ ಓದಿದವನು. ಯಾರು ಏನು ಹೇಳಿದರೂ “ಅದು ಹೇಗೆ ಗೊತ್ತು?” ಎಂದು ಕೇಳುವ ಕೆಟ್ಟ ಚಾಳಿ ವಿಶ್ವವಿದ್ಯಾಲಯದಿಂದ ಅಂಟಿಸಿಕೊಂಡು ಬಂದೆ. ವಯಸ್ಸಾದಂತೆ ನನ್ನ ತಲೆಯನ್ನೇ ಕೇಳತೊಡಗಿದ್ದೇನೆ. ಅದು ಈಚೆಗೆ ಸರಿಯಾಗಿ ಉತ್ತರಿಸುವುದಿಲ್ಲ.

ಪೇರ್ಲ್ಯಾಂಡ್‌ನಿಂದ ಊಟಕ್ಕೆ ಬಂದು ಎದುರಿಗೆ ಕೂತಿದ್ದ ಪ್ರಹ್ಲಾದ ಎಲ್ಲ ಕೇಳಿಸಿಕೊಂಡಿದ್ದ. “ವೈನಿ, ಸುಮ್ನ ಯಾಕ ಆ ಮೂಕ ಜೀವಕ್ಕ ಕಾಟ? ನಮ್ಮ ಮನೀಗೆ ಕಳಸ್ರಿ. ಇವಗ ತನ್ನ ಚಷ್ಮಾ ಎಲ್ಲಿಟ್ಟೇನಿ ಅನ್ನೋದು ಗೊತ್ತಿರಂಗಿಲ್ಲ, ಆಮಿ ಎಲ್ಲೈತಿ ಅಂತ ಹೆಂಗ ಗೊತ್ತಿರ್ತದ?”

“ಚಷ್ಮಾ ಕಣ್ಣಿನ ಮ್ಯಾಲೆ ಐತಿ” ಎಂದೆ. (ಮುಟ್ಟಿ ನೋಡಿಕೊಂಡೇ ಹೇಳಿದೆ.)

ಪಕ್ಕದ ಮನೆಗೆ ಫೋನ್ ಮಾಡಿದೆ. ರಿಂಗ್ ಆಯಿತು, ಯಾರೂ ಎತ್ತಲಿಲ್ಲ.

ಆಗ ಇಂಚರ ಬಂದಳು. ನಾಲ್ಕು ಗಂಟೆಗೆ ಅವಳ ಡ್ಯಾನ್ಸ್ ಇತ್ತು. ರೇಷ್ಮೆ ಡ್ರೆಸ್ಸು, ಹಣೆಗೆ ಬೈತಲೆಬೊಟ್ಟು. ವಿಷಯ ಕೇಳಿ ಗಾಬರಿಯಾಗಲಿಲ್ಲ.

“ಅಪ್ಪಾ, ಬೆಳಿಗ್ಗೆ ಕಾರ್ ಕೀ ಎಲ್ಲಿತ್ತು?”

“ಮುದ್ದೆಯ ಗೂಡಿನ ಮೊಳೆಯಲ್ಲಿ. ಅಲ್ಲಿ ತೂಗುಹಾಕೋದನ್ನ ಕಲಿಸಿದ್ದೇ ನೀನು.”

“ಮೊಳೆ ಎಲ್ಲಿದೆ?”

“ಬಾಗಿಲ ಮೇಲೆ, ಗೋಡೆಯಲ್ಲಿ.”

“ಹಲಗೆ ಎತ್ತಿದ್ರೆ ಕೀ ಕಾಣ್ಸುತ್ತಾ?”

ಯೋಚಿಸಿದೆ. ಕಾಣಿಸುವುದಿಲ್ಲ. ಎತ್ತಿದ ಹಲಗೆ ಮೊಳೆಯನ್ನೂ ಕೀಯನ್ನೂ ಮುಚ್ಚಿಬಿಡುತ್ತದೆ. ಹಲಗೆ ಕೆಳಗಿಳಿಸಿದರೆ ಮಾತ್ರ ಕೀ ಕೈಗೆ ಸಿಗುತ್ತದೆ.

“ಕಾರು ಇಲ್ಲಿದೆ” ಎಂದಳು. “ಸೋ, ಡೋರ್ ಕ್ಲೋಸ್ ಆಗಿದೆ.”

ಪ್ರಹ್ಲಾದ ಪೊಂಗಲ್ ಬಿಟ್ಟು ಕೈತಟ್ಟಿದ. ತಿಂಗಳುಗಟ್ಟಲೆ ನಾನು ಆ ಮೊಳೆಯನ್ನು ಒಂದು ಅನುಕೂಲ ಎಂದುಕೊಂಡಿದ್ದೆ!

“ನಾನು ಮರೀತೀನಿ ಅಂತ ಹೀಗೆ ಮಾಡಿದ್ಯಾ?”

“ನೀನು ಮರಿಯೋದಲ್ಲ ಅಪ್ಪಾ. ಮರ್ತಿಲ್ಲ ಅಂತ ಶೂರ್ ಆಗಿ ಹೇಳ್ತೀಯಲ್ಲ, ಅದಕ್ಕೆ.”

ಅಲ್ಲಿಗೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆದರೆ ಚಾಳಿ ಬಿಡಬೇಕಲ್ಲ. “ಬಾಗಿಲು ಹಾಕಿದ್ದು ಹೌದು” ಎಂದೆ. “ಹಾಕುವಾಗ ಮುದ್ದೆ ಒಳಗಿದ್ದನಾ?”

ಇಂಚರಳ ಮುಖ ಬಿಳುಚಿತು. ಮುಚ್ಚಿದ ಬಾಗಿಲ ಹೊರಗೆ, ಹುಲ್ಲಿನ ಮೇಲೆ, ಐಸ್ ಮಳೆಯಲ್ಲಿ ಮುದ್ದೆ. ಅವಳಿಗೆ ಏನು ಕಂಡಿತೋ ನನಗೂ ಅದೇ ಕಂಡಿತು.

“ಡ್ಯಾನ್ಸ್ ಬೇಡ” ಎಂದಳು. “ಹೋಗೋಣ.”

ವೀಣಾ ಎದ್ದು ಅವಳ ಮೇಲೆ ಜಾಕೆಟ್ ಹೊದಿಸಿದಳು. ಪ್ರಹ್ಲಾದ ಬಾಗಿಲವರೆಗೆ ಬಂದ. ಈ ಸಲ ತಮಾಷೆ ಇರಲಿಲ್ಲ. “ಹುಷಾರಾಗಿ ಹೋಗ್ರಿ. ಮುಟ್ಟಿದ ಕೂಡ್ಲೇ ಫೋನ್ ಮಾಡ್ರಿ.”

ಅರ್ಧ ದಾರಿಯ ಊರು ವೇಕೊ ದಾಟುವವರೆಗೆ ಬರೀ ಮಳೆ. ಆಮೇಲೆ ಗಾಜಿನ ಮೇಲೆ ಅಕ್ಕಿ ಚೆಲ್ಲಿದ ಸದ್ದು. ಸೇತುವೆಗಳ ಮೇಲೆ ಕಾರುಗಳು ಅಡ್ಡಡ್ಡ ನಿಂತಿದ್ದವು. ನಾನು ಎತ್ತಿನ ಗಾಡಿಯ ವೇಗದಲ್ಲಿ ಹೊಡೆದೆ. ಹಿಂದಿನ ಸೀಟಿನಲ್ಲಿ ಇಂಚರ ಗಾಜಿಗೆ ಮುಖವಿಟ್ಟು ಐಸನ್ನೇ ನೋಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ಕಾಪೆಲ್ ಮುಟ್ಟಿದಾಗ ಕತ್ತಲಾಗಿತ್ತು. ನಮ್ಮ ಬೀದಿ ಮಾತ್ರ ಯಾಕೋ ಹೆಚ್ಚೇ ಕತ್ತಲು. ದೀಪಗಳಿಲ್ಲ. ಕಿಟಕಿಗಳಲ್ಲಿ ಮೇಣದಬತ್ತಿ. ಪಕ್ಕದ ಮನೆಯಾತ ಟಾರ್ಚ್ ಹಿಡಿದು ಬಂದು, ಮಧ್ಯಾಹ್ನದಿಂದಲೇ ಕರೆಂಟಿಲ್ಲ, ಮನೆಯ ಕಾರ್ಡ್‌ಲೆಸ್ ಫೋನೂ ಸತ್ತಿದೆ ಎಂದ.

ಮಧ್ಯಾಹ್ನದಿಂದ! ಅಂದರೆ ಹಂದಿಯ ಹಾಸೂ ಅಷ್ಟು ಹೊತ್ತಿನಿಂದ ತಣ್ಣಗಿದೆ. ಮುದ್ದೆ ಒಳಗಿದ್ದರೂ ಕಷ್ಟ, ಹೊರಗಿದ್ದರೂ ಕಷ್ಟ.

ಇಂಚರ ಟಾರ್ಚ್ ಕಿತ್ತುಕೊಂಡು ಹಿತ್ತಿಲಿಗೆ ಓಡಿದಳು. ಹುಲ್ಲೆಲ್ಲ ಗಾಜಿನಂತೆ ನೆಟ್ಟಗೆ ನಿಂತಿತ್ತು, ಕಾಲಿಟ್ಟರೆ ಪಟಪಟ ಮುರಿಯುತ್ತಿತ್ತು. ಮೊದಲು ಬೇಲಿಯ ಮೂಲೆಗಳಲ್ಲಿ ಬೆಳಕು ಬಿಟ್ಟಳು. ಪೊದೆಯ ಬುಡದಲ್ಲಿ ನೋಡಿದಳು. ಏನೂ ಇಲ್ಲ. ಗೂಡಿಗೆ ಬಂದಳು. ಹಲಗೆ ಇಳಿದೇ ಇತ್ತು. ರೇಷ್ಮೆ ಡ್ರೆಸ್ಸಿನಲ್ಲೇ ಐಸಿನ ಮೇಲೆ ಮಂಡಿಯೂರಿ ಹಲಗೆ ಎತ್ತಿದಳು.

ಒಣಹುಲ್ಲು. ಬರೀ ಒಣಹುಲ್ಲು.

ಅಳುತ್ತಾಳೆ ಎಂದುಕೊಂಡೆ. ಅವಳು ಭುಜದವರೆಗೆ ಕೈ ಹಾಕಿ ಹುಲ್ಲು ಸರಿಸಿದಳು. ಹಾಲಿನ ಕ್ಯಾನ್‌ಗಳ ಸಂದಿಯಿಂದ “ಉಸ್ಸ್” ಎಂದು ಒಂದು ಉಸಿರು ಬಂತು. ಆಮೆ ತಲೆ ಒಳಗೆಳೆದುಕೊಳ್ಳುವಾಗ ಬಿಡುವ, ನಿದ್ದೆ ಕೆಡಿಸಿದವರನ್ನು ಬೈಯುವ ಉಸಿರು.

“ಅಪ್ಪಾ, ಕೈ ಹಾಕು. ಹಾಕಿ ನೋಡು.”

ಹಾಕಿದೆ. ಬೆಚ್ಚಗಿತ್ತು. ಮಗುವಿನ ತೊಟ್ಟಿಲಿನಷ್ಟು ಬೆಚ್ಚಗಿತ್ತು.

ಅಡುಗೆಮನೆಯಲ್ಲಿ ಬ್ಯಾಟರಿಯ ಥರ್ಮಾಮೀಟರ್ ಇದೆ, ಮನೆಯದೂ ಗೂಡಿನದೂ ಎರಡೂ ತೋರಿಸುತ್ತದೆ. ನಿಮ್ಮ ಸೆಲ್ಸಿಯಸ್‌ನಲ್ಲೇ ಹೇಳುತ್ತೇನೆ. ಹೊರಗೆ ಸೊನ್ನೆಗಿಂತ ಕೆಳಗೆ. ನಮ್ಮ ಮನೆಯೊಳಗೆ ಹನ್ನೊಂದು. ಮುದ್ದೆಯ ಮನೆಯಲ್ಲಿ ಹದಿನೇಳು. ಸಾಲ ಮಾಡಿ ಕೊಂಡ ನಮ್ಮ ನಾಲ್ಕು ಬೆಡ್‌ರೂಮಿಗಿಂತ ಏಳನೇ ಕ್ಲಾಸಿನ ಹುಡುಗಿಯ ಪ್ಲೈವುಡ್ ಗೂಡು ಬೆಚ್ಚಗಿತ್ತು! ಹೆಮ್ಮೆಯಿಂದ ಯಾರಿಗಾದರೂ ಹೇಳೋಣವೆಂದರೆ ಪಕ್ಕದಲ್ಲಿ ಇದ್ದವನು ಟಾರ್ಚ್ ಕಳೆದುಕೊಂಡ ಆ ಮನುಷ್ಯ ಒಬ್ಬನೇ. ಅವನಿಗೇ ಎರಡು ಸಲ ಹೇಳಿದೆ.

ಪ್ರಹ್ಲಾದನೇ ಮೊಬೈಲಿಗೆ ಫೋನ್ ಮಾಡಿದ. ವೀಣಾ ಎತ್ತಿದಳು. ಎರಡು ಸ್ವೆಟರ್, ಮೇಲೊಂದು ಶಾಲು ಹೊದ್ದಿದ್ದಳು.

“ಏನಾತ್ರಿ ವೈನಿ? ಗಾಡಿ ತಗೊಂಡು ಬರ್ಲೇನು?”

“ಬನ್ನಿ” ಎಂದಳು ವೀಣಾ. “ನಮ್ಮನ್ನ ಬೇಕಾದ್ರೆ ಕರ್ಕೊಂಡು ಹೋಗಿ. ಮುದ್ದೆ ಎಲ್ಲಿಗೂ ಬರಲ್ಲ.”

ಇಂಚರ ಆಗ ಅತ್ತಳು. ಹಣೆಯ ಬೈತಲೆಬೊಟ್ಟು ಓರೆಯಾಗಿತ್ತು. ವೀಣಾ ಅದನ್ನು ಸರಿ ಮಾಡುತ್ತ, ಹಾಲಿನ ಕ್ಯಾನ್ ಇನ್ನೂ ಬೇಕಾದರೆ ಎತ್ತಿಡುತ್ತೇನೆ ಎಂದಳು.

ಮುದ್ದೆಯನ್ನು ನಾನೇ ಒಳಗೆ ಬಿಟ್ಟೆನೋ, ಅವನೇ ಹೋಗಿ ಮಲಗಿದ್ದನೋ, ನನಗೆ ಈ ಹೊತ್ತಿಗೂ ಗೊತ್ತಿಲ್ಲ. ನಾನೇ ಎಂದು ಹೇಳಿಕೊಳ್ಳಬಹುದಿತ್ತು. ಮನೆಯಲ್ಲಿ ನಂಬುವವರಿಲ್ಲ.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟೆ. ಬ್ಯಾಡ್ಜ್ ಕಾಣಲಿಲ್ಲ. ಅದು ಗೂಡಿನ ಒಳಗೆ, ಮುದ್ದೆ ಮಲಗುವ ಮೂಲೆಯ ಮೇಲೆ, ಹೊಸ ಮೊಳೆಯಲ್ಲಿ ನೇತಾಡುತ್ತಿತ್ತು. ಕಾರಿನ ಕೀ ಹೊರಗಿನ ಹಳೆಯ ಮೊಳೆಯಲ್ಲೇ. ಅಂದರೆ ಮೊದಲು ಟೈ ಕಟ್ಟಿದ ಕುತ್ತಿಗೆಯನ್ನು ಒಳಗೆ ತೂರಿಸಿ ಮುದ್ದೆಯ ಮುಖ ನೋಡಬೇಕು, ಆಮೇಲೆ ಬಾಗಿಲು ಹಾಕಬೇಕು, ಆಮೇಲೆ ಕಾರು. ಹುಲ್ಲು ಕೊಡವಿಕೊಂಡು ಎದ್ದಾಗ ಇಂಚರ ಸ್ಕೂಲ್ ಬ್ಯಾಗ್ ಹಾಕಿಕೊಂಡು ನಿಂತಿದ್ದಳು.

“ಇದ್ದಾನಾ?”

“ಇದ್ದಾನೆ.”

ಅವಳು ಬಗ್ಗಿ ತಾನೂ ಒಮ್ಮೆ ನೋಡಿಯೇ ಬಸ್ಸಿಗೆ ಹೋದಳು.

ಯಾರೋ ಹೇಳಿದರು ಎಂದು ನಂಬಬೇಡ, ನೀನೇ ನೋಡು ಎಂದು ಅವಳಿಗೆ ಚಿಕ್ಕಂದಿನಿಂದ ಹೇಳಿಕೊಟ್ಟವನು ನಾನು. ಆ ‘ಯಾರೋ’ಗಳಲ್ಲಿ ನಾನೂ ಇದ್ದೇನೆ ಎಂದು ಅವಳೇ ಕಂಡುಕೊಂಡಿದ್ದಾಳೆ. ಆಫೀಸಿನವರೆಗೂ ಎದೆಯುಬ್ಬಿಸಿಕೊಂಡೇ ಡ್ರೈವ್ ಮಾಡಿದೆ.

ನನ್ನ ಮಗಳಿಗೆ ನನ್ನ ಮಾತಿನ ಮೇಲೆ ಚೂರೂ ನಂಬಿಕೆಯಿಲ್ಲ. ನಿಮ್ಮ ಮಕ್ಕಳು ಪಾಪ ನಿಮ್ಮನ್ನು ಇನ್ನೂ ನಂಬುತ್ತಲೇ ಇದ್ದಾರಾ?